ಬಚ್ಚಲ ಕಿಂಡಿಯ ಕೌದಿ

ನನ್ನ ಉಜ್ಜೂ,

ನನ್ನ ಮದುವೆಯಾಯಿತು! ಇದನ್ನು ಎಲ್ಲರಿಗಿಂತ ಮೊದಲು ನಿನಗೆ ಹೇಳಬೇಕಿತ್ತು. ಹೇಳುವುದೇನು, ಕಿರುಚಬೇಕಿತ್ತು. ಅರಿಷಿಣದ ದಿನ ಕೈಯೆಲ್ಲ ಹಳದಿ ಮಾಡಿಕೊಂಡೇ ಫೋನು ಎತ್ತಿ ನಿನ್ನ ಹೆಸರಿನ ತನಕ ಹೋದೆ. ಅಲ್ಲಿಯೇ ನಿಂತೆ. ಪರದೆಯ ಮೇಲೆ ನೀನು ನಗುತ್ತಲೇ ಇದ್ದೆ. ಮನೆಯವರೆಲ್ಲ ಮದುಮಗಳು ತವರು ಬಿಡುವ ದುಃಖಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು. ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟೆ.

ನನ್ನ ಗಂಡ ವಿಶಾಲ ಎಂಥವನು ಗೊತ್ತೇನು? ಅವನ ಊರು ಕರೋಶಿಯಲ್ಲಿ ಎಲ್ಲರೂ ಅವನನ್ನು ನೋಡಿ ನಗುತ್ತಾರೆ, ಅಂಥವನು! ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದೊಡನೆ ಬಾಗಿಲ ಹೊರಗೆ ಬಂದು ನಿಲ್ಲುತ್ತಾನೆ.

"ಸೌಂದರ್ಯಾ, ಅದೀಯಿಲ್ಲೋ?"

"ಅದೀನಿ!"

"ಏನ ಮಾಡಾಕತ್ತಿ?"

"ರೊಟ್ಟಿ ಬಡ್ಯಾಕತ್ತೇನಿ! ಜಳಕದ ಮನ್ಯಾಗ ಮತ್ತೇನ ಮಾಡ್ತಾರ?"

ನಮ್ಮ ಅತ್ತೆ ತುಳಸವ್ವ ಅಂಗಳದಿಂದಲೇ ಕೂಗುತ್ತಾರೆ: "ಹೇಣ್ತಿ ಜಳಕಾ ಮಾಡಾಕ ಹೋದ್ರ ಬಾಗಲಾ ಕಾಯೂ ಗಂಡನ್ನ ಇಲ್ಲೇ ನೋಡಿದ್ನಿ! ನಿಮ್ಮಪ್ಪ, ನಾ ಬಾಂವಿಗಿ ಬಿದ್ದೇನಿ ಅಂದ್ರೂ ಚಾ ಕುಡದ ಬರ್ತಿದ್ದ."

ಒಳಗೆ ನಗುತ್ತ ನಗುತ್ತ ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಆಮೇಲೆ ಅವನು ಯಾಕೆ ನಿಂತಿದ್ದಾನೆ ಎಂಬುದು ನೆನಪಾಗುತ್ತದೆ. ತಂಬಿಗೆ ಕೈಯಲ್ಲೇ ಉಳಿಯುತ್ತದೆ. ಮದುವೆಗೆ ಮೊದಲೇ ಅವನಿಗೆ ನಿನ್ನ ಕಥೆ ಹೇಳಿದ್ದೆ, ಉಜ್ಜೂ. ಅಂದಿನಿಂದ ಅವನಿಗೆ ಬಚ್ಚಲಿನ ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಕೂತಲ್ಲಿ ಕೂರಲು ಆಗುವುದಿಲ್ಲ.

ದೀಪಾವಳಿ ಮುಗಿದ ಮೇಲೆ ನಿನ್ನ ಮದುವೆ ಮಾಡಿ ಗಂಡನ ಊರು ಭೋಜಿಗೆ ಕಳಿಸಿದೆವು. ನಿನ್ನ ಗಂಡ ಭರತ ನಿನ್ನನ್ನು ನೋಡುವ ರೀತಿ ನೋಡಿ ನಾನು ಹೊಟ್ಟೆಕಿಚ್ಚಿನಿಂದ ಸತ್ತೇ ಹೋಗಿದ್ದೆ! ದಿನಾ ಫೋನು ಮಾಡುತ್ತಿದ್ದೆ ನೀನು. ಒಂದು ದಿನ ಬಚ್ಚಲಿನ ಕಥೆಯನ್ನೇ ಹೇಳಿದೆ. ಹೊಸ ಸೊಸೆ ಬರುತ್ತಾಳೆ ಎಂದು ಗ್ಯಾಸ್ ಗೀಜರ್ ಹಾಕಿಸಿದ್ದಾರೆ, ಕರೆಂಟು ಹೋದರೂ ಚಿಂತೆಯಿಲ್ಲ, ನಲ್ಲಿ ತಿರುವಿದರೆ ಸುಡುಸುಡು ನೀರು. ಒಂದೇ ತೊಂದರೆ, ಗೋಡೆಯ ಮೇಲಿನ ಕಿಂಡಿ ಪಕ್ಕದವರ ಮಾಳಿಗೆಯ ಕಡೆಗೆ ಇದೆ. ಅದಕ್ಕೆ ನಿನ್ನ ಅತ್ತೆ ರುಕ್ಮವ್ವ ತಾವು ಹೊದೆಯುವ ಕೌದಿಯನ್ನೇ ಕತ್ತರಿಸಿ, ಸ್ಟೂಲಿನ ಮೇಲೆ ಹತ್ತಿ, ಒಂದೂ ಸಂದಿಯಿಲ್ಲದ ಹಾಗೆ ಕಿಂಡಿಗೆ ತುರುಕಿದರಂತೆ. ನೀನು ಅವರ ಹಾಗೆಯೇ ಮಾತಾಡಿ ತೋರಿಸಿದೆ: "ನಮ್ಮ ಸೊಸಿ ಯಾರ ಕಣ್ಣಿಗೂ ಬೀಳಬಾರ್ದು, ಆಕಿಗಿ ಥಂಡಿನೂ ಹತ್ತಬಾರ್ದು." ಆಮೇಲೆ ನಿನ್ನ ದನಿಯಲ್ಲಿ, "ಸೌಂದ್ಯಾ, ನಮ್ಮತ್ತಿ ನಮ್ಮವ್ವಗಿಂತ ಹೆಚ್ಚ ಜ್ವಾಕಿ ಮಾಡ್ತಾಳ ಲೇ!" ಅಂದೆ. ನಾವಿಬ್ಬರೂ ಎಷ್ಟು ನಕ್ಕೆವು.

ಭೋಗಿಯ ದಿನ ನೀನು ಎಳ್ಳು ಅರೆದು ಹಚ್ಚಿಕೊಂಡು ತಲೆಸ್ನಾನಕ್ಕೆ ಹೋದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಹೊಸ ಹುಡುಗಿ, ಉದ್ದ ಕೂದಲು, ಹಬ್ಬದ ಜಳಕ ಎಂದು ಮನೆಯವರು ಸುಮ್ಮನಿದ್ದರು. ಭರತ ಬಾಗಿಲು ಒಡೆದಾಗ ನೀರು ಹರಿಯುತ್ತಲೇ ಇತ್ತಂತೆ, ಗೀಜರಿನ ಉರಿ ಹಳದಿಯಾಗಿ ಉರಿಯುತ್ತಲೇ ಇತ್ತಂತೆ. ನಾನು ಬಂದಾಗ ನಿನ್ನ ಮುಖ ಕೆಂಪಗಿತ್ತು. ಸತ್ತವರ ಮುಖ ಹಾಗಿರುತ್ತದೆಯೇ? ನಿದ್ದೆಯಿಂದ ಎಬ್ಬಿಸಿದರೆ ಬೈಯುತ್ತೀಯಲ್ಲ, ಹಾಗೆ ಬೈಯುವೆ ಎಂದು ನಿನ್ನ ಭುಜ ಅಲುಗಾಡಿಸಿದೆ. ನೀನು ಬೈಯಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಗಾಳಿಯಾಡದ ಕೋಣೆಯಲ್ಲಿ ಉರಿ ಉರಿದರೆ ಅದಕ್ಕೆ ಸಾಕಷ್ಟು ಗಾಳಿ ಸಿಗದೆ ವಿಷದ ಅನಿಲ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಇದಕ್ಕಿಲ್ಲ. ಮೊದಲು ತಲೆಸುತ್ತು, ಆಮೇಲೆ ಕೈಕಾಲಿನ ಬಲ ಹೋಗುತ್ತದೆ, ಕೂಗಬೇಕು ಎನ್ನುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ. ಎಂಟನೆಯ ಇಯತ್ತೆಯಲ್ಲಿ, ಚಿಕ್ಕೋಡಿಯ ನಮ್ಮ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತು ನಾವು ಇದೇ ಪಾಠವನ್ನು ಇಂಗ್ಲಿಷಿನಲ್ಲಿ ಉರು ಹೊಡೆದಿದ್ದೆವು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಬ್ಬರಿಗೂ ಪೂರ್ತಿ ಮಾರ್ಕ್ಸ್! ಅದು ಹಬ್ಬದ ದಿನ ಬಚ್ಚಲಿಗೆ ಬರುತ್ತದೆ ಎಂದು ಆ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ, ಉಜ್ಜೂ. ಡಾಕ್ಟರ ಮಾತು ಊರಿನವರ ಕಿವಿಗೆ ಹೋಗಲಿಲ್ಲ. "ವಾಸನೀನ ಬಂದಿಲ್ಲಂತ, ಮತ್ತ್ಯಾವ ಗ್ಯಾಸ ಅದು?" ಎಂದರು. "ಹೊಸಾ ಹುಡುಗಿ, ಏನ ನುಂಗಿದ್ಲೋ ಯಾರಿಗಿ ಗೊತ್ತು" ಎಂದರು. ನಿಪ್ಪಾಣಿಯ ಬಸ್ಸಿನಲ್ಲಿ ನಾನು ಕೂತ ಸೀಟಿನ ಹಿಂದೆಯೇ ಇಬ್ಬರು ಹೆಂಗಸರು ನಿನಗೆ ಮೊದಲೇ ಒಬ್ಬ ಇದ್ದ ಎಂದು ಮಾತಾಡಿಕೊಂಡರು. ನಾನು ತಿರುಗಿ ಜಗಳ ತೆಗೆದೆ. ಎಷ್ಟು ಸೀಟುಗಳ ಜೊತೆ ಜಗಳವಾಡಲಿ? ಆ ಮಾತು ಚಿಕ್ಕೋಡಿಗೂ ಬಂತು. ನಿನ್ನವ್ವ ನೀರು ತರಲು ಸಹ ಹೊರಗೆ ಬರುವುದನ್ನು ಬಿಟ್ಟರು. ಒಮ್ಮೆ ನನ್ನ ಕೈ ಹಿಡಿದು ಕೇಳಿದರು, "ನಿನಗ ಎಲ್ಲಾ ಹೇಳತಿದ್ಲು. ಖರೇ ಹೇಳ, ನನ್ನ ಮಗಳಿಗಿ ಅಲ್ಲಿ ಏನರ ತ್ರಾಸ ಇತ್ತನು?"

ತ್ರಾಸವೇ! ಪ್ರೀತಿಯಿತ್ತು, ಕಾಕೂ, ಆ ಪ್ರೀತಿ ಕಿಂಡಿಯಲ್ಲಿ ಇತ್ತು ಎಂದು ಹೇಗೆ ಹೇಳಲಿ? ಕೌದಿಯ ವಿಷಯ ಬಾಯಿಬಿಟ್ಟರೆ ನಿನ್ನ ಹೆಸರಿಗೆ ಮೆತ್ತಿದ ಮಣ್ಣು ತೊಳೆದು ಹೋಗುತ್ತದೆ. ಆದರೆ ಮರುದಿನವೇ ಊರು ರುಕ್ಮವ್ವನನ್ನು ಸೊಸೆಯನ್ನು ಕೊಂದವಳು ಎನ್ನುತ್ತದೆ. ನಿನ್ನನ್ನು ಅಷ್ಟು ಮುದ್ದು ಮಾಡಿದ ಆ ಹೆಂಗಸನ್ನು! ನೀನೇ ಇದ್ದಿದ್ದರೆ ಏನು ಮಾಡಬೇಕೆಂದು ಹೇಳುತ್ತಿದ್ದೆ. ತ್ರಾಸ ಇರಲಿಲ್ಲ ಎಂದಷ್ಟೇ ಹೇಳಿ ಎದ್ದು ಬಂದೆ.

ವಿಶಾಲ ನಮ್ಮ ಮದುವೆಗೆ ಮೊದಲೇ ತನ್ನ ಮನೆಯ ಗೀಜರನ್ನು ಕಿತ್ತು ಹಿತ್ತಿಲ ಗೋಡೆಗೆ ಹಾಕಿಸಿದ. ಈಗ ಉರಿಯೆಲ್ಲ ಹೊರಗೆ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ. ಕಿಂಡಿಯನ್ನೂ ದೊಡ್ಡದು ಮಾಡಿಸಿದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇಷ್ಟ ದೊಡ್ಡ ತೂತ ಯಾಕೋ? ಬೆಕ್ಕ ಬಂದ ಜಳಕಾ ಮಾಡಿ ಹೋಗ್ತೈತಿ" ಎಂದರು. ಬೈದರೂ ಮುಚ್ಚಲಿಲ್ಲ. ವರ್ಷಕ್ಕೊಮ್ಮೆ ಮೆಕ್ಯಾನಿಕ್‌ನನ್ನು ಕರೆಸಿ ಬರ್ನರ್ ತೊಳೆಸಬೇಕು, ಉರಿ ನೀಲಿಯಾಗಿಯೇ ಇರಬೇಕು, ಹಳದಿಗೆ ತಿರುಗಿದರೆ ಅಂದೇ ಬಂದ್ ಮಾಡಬೇಕು. ನಾನು ಈಗ ಯಾರ ಮನೆಗೆ ಊಟಕ್ಕೆ ಹೋದರೂ ಇದನ್ನೇ ಹೇಳುತ್ತೇನೆ. ಹೊಸ ಮದುಮಗಳು ಸೀರೆ ಬಂಗಾರದ ಮಾತಾಡುವುದು ಬಿಟ್ಟು ಗೀಜರಿನ ಮಾತಾಡುತ್ತಾಳೆ ಎಂದು ಎಲ್ಲರೂ ನಗುತ್ತಾರೆ. ನಗಲಿ.

ಕಾರಹುಣ್ಣಿಮೆ ಮುಗಿದ ಮೇಲೆ ರುಕ್ಮವ್ವ ನಮ್ಮ ಮನೆಗೆ ಬಂದರು. ಒಬ್ಬರೇ, ಬಸ್ಸಿನಲ್ಲಿ. ಎಷ್ಟು ಸೊರಗಿದ್ದಾರೆ! ಹೊಸ ಮದುವೆಯ ಹುಡುಗಿಗೆ ಉಡಿ ತುಂಬಲು ಖಣ, ಕೊಬ್ಬರಿ, ಅಕ್ಕಿ ತಂದಿದ್ದರು. ನಮ್ಮ ಅತ್ತೆ ಚಾಪೆ ಹಾಸಿದರು. ಅವರು ಕೂಡಲಿಲ್ಲ.

"ನಿಮ್ಮ ಜಳಕದ ಮನಿ ಎಲ್ಲೈತವ್ವಾ?"

ಕಾಲು ತೊಳೆಯಲಿಕ್ಕೆ ಎಂದುಕೊಂಡು ತೋರಿಸಿದೆ. ಅವರು ಒಳಗೆ ಹೋಗಿ ತಲೆಯೆತ್ತಿ ಗೋಡೆ ನೋಡಿದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಹತ್ತಿ ಕಿಂಡಿಯೊಳಗೆ ಕೈ ಚಾಚಿದರು. ಹೊರಗಿನ ಗಾಳಿ ಅಂಗೈಗೆ ತಾಗುವಂತೆ ಹಿಡಿದು ಹಾಗೆಯೇ ನಿಂತರು. ಇಳಿದ ಮೇಲೆ ನನ್ನ ಮುಖ ನೋಡದೆ ಕೇಳಿದರು:

"ಆಕಿ ನಿನಗ ಹೇಳಿದ್ಲೇನವ್ವಾ, ನಾ ಅಲ್ಲಿ ಕೌದಿ ತುರಕಿದ್ದು?"

ಇಲ್ಲ ಎಂದುಬಿಡಬೇಕು ಅನಿಸಿತು. ಉಜ್ಜೂ, ಅವರ ಕಣ್ಣು ನೋಡಿದ ಮೇಲೆ ಆಗಲಿಲ್ಲ.

"ಹೇಳಿದ್ಲ್ರಿ ಅತ್ತ್ಯಾರ. ನಕ್ಕೋತ ಹೇಳಿದ್ಲು. ನಮ್ಮವ್ವಗಿಂತ ಹೆಚ್ಚ ಜ್ವಾಕಿ ಮಾಡ್ತಾಳ ಅಂದ್ಲು."

ಅವರು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದರು. ನಮ್ಮ ಅತ್ತೆ ಓಡಿ ಬಂದು, ಏನು ಎತ್ತ ಕೇಳದೆ, ಅವರ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು ಕೂತುಬಿಟ್ಟರು. ಅತ್ತು ಮುಗಿದ ಮೇಲೆ ರುಕ್ಮವ್ವ ಮೂಗು ಒರೆಸಿಕೊಂಡು ಎದ್ದರು. "ನನ್ನ ಚಿಕ್ಕೋಡಿಗಿ ಕರಕೊಂಡ ನಡೀರಿ. ಮಂದಿ ಏನ ಅನ್ನಾಕತ್ತಾರ ನನಗ ಗೊತ್ತೈತಿ. ಆ ಹುಡುಗಿ ತಪ್ಪ ಏನೂ ಇಲ್ಲ."

ವಿಶಾಲ ಕಾರು ತೆಗೆದ.

ನಿನ್ನ ತವರಿನ ಅಂಗಳದಲ್ಲಿ ಓಣಿಯ ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಅವರು ಎದ್ದುಹೋಗಲಿ ಎಂದು ನಾನು ಕಾಯುತ್ತಿದ್ದೆ. ರುಕ್ಮವ್ವ ಕಾಯಲಿಲ್ಲ. ಹೊಸ್ತಿಲಿನ ಹೊರಗೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನಿಮ್ಮ ಮಗಳು ಏನೂ ನುಂಗಿಲ್ರಿ, ಬೀಗತಿ. ಕಿಂಡಿಗಿ ಅರಿವಿ ತುರಕಿ ಗಾಳಿ ಬಂದ್ ಮಾಡಿದಾಕಿ ನಾನು. ಈ ಕೈಲೆ ತುರಕೇನಿ."

ಶೇಂಗಾ ಸುಲಿಯುವ ಕೈಗಳೆಲ್ಲ ನಿಂತವು. ನಿನ್ನವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದರು. ಬೈಯುತ್ತಾರೆ, ಬಾಗಿಲು ಹಾಕುತ್ತಾರೆ ಎಂದುಕೊಂಡೆ. ಅವರು ಒಂದೇ ಒಂದು ಮಾತು ಕೇಳಿದರು.

"ಅವತ್ತ ಆಕಿ ಜಳಕಕ್ಕ ಹೋಗೂ ಮುಂದ ಏನರ ತಿಂದಿದ್ಲನ್ರಿ?"

"ಎಳ್ಳ ಹಚ್ಚಿದ ರೊಟ್ಟಿ. ಕೆನಿ ಮಸರ. ನಾನ ತಿನಿಸಿದ್ನಿ."

ನಿನ್ನವ್ವ ಬಾ ಒಳಗೆ ಎನ್ನಲಿಲ್ಲ. ಬಾಗಿಲಿನಿಂದ ಸ್ವಲ್ಪ ಸರಿದು ನಿಂತರು, ಒಬ್ಬರು ದಾಟುವಷ್ಟು.

ನಾನು ಒಳಗೆ ಹೋಗಲಿಲ್ಲ, ಉಜ್ಜೂ. ಅದು ಅವರಿಬ್ಬರ ದುಃಖ. ನನ್ನದನ್ನು ಇಲ್ಲಿ ಬರೆದಿದ್ದೇನೆ. ನನಗೆ ಗಂಡ ಸಿಕ್ಕ, ಅತ್ತೆ ಸಿಕ್ಕರು, ಸಂತೋಷವಾಗಿದ್ದೇನೆ. ಸಂಜೆಯಾದರೆ ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲ. ಎಲ್ಲಿಗೆ ಹೋಗುವಾಗಲೂ 'ಹೋಗಿ ಬರ್ತೇನಿ' ಎನ್ನುತ್ತಿದ್ದವಳು ನೀನು. ಈ ಸಲ ಹೇಳದೆ ಹೋದೆ. ನಿನ್ನ ಹೆಸರಿಗೆ ಇನ್ನು ಯಾವ ಮಣ್ಣೂ ಮೆತ್ತಿಲ್ಲ. ನಿಶ್ಚಿಂತೆಯಿಂದ ಹೋಗು, ನನ್ನ ಗೆಳತಿ. ನಿನಗೆ ಒಳ್ಳೆಯದಾಗಲಿ.

ಎಂದೆಂದಿಗೂ ನಿನ್ನವಳೇ,
ಸೌಂದರ್ಯಾ
ಕರೋಶಿ