ಬೆಳಕಿಗೆ ಹಿಡಿದ ಲಕೋಟೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಎರಡು ಮಹಡಿ ಕೆಳಗೆ ವಾರ್ಡಿನಲ್ಲಿ ನೀನು ಮಲಗಿದ್ದೀಯ, ನಾನು ಇಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ನಗಬೇಡ. ನಿನ್ನ ಮುಖ ನೋಡುತ್ತಾ ಇದನ್ನು ಹೇಳಲಾರೆ. ಬೆಳಿಗ್ಗೆಯೂ ಹೇಳಲೆಂದೇ ಬಂದೆ. ದಿಂಬು ಸರಿಮಾಡಿ ಹೊರಟುಹೋದೆ.

ಮಂಡಿನೋವಿನ ಹೊಸ ಮಾತ್ರೆಯ ಪರೀಕ್ಷೆಗೆ ಸೇರು ಎಂದು ನಿನಗೆ ಗಂಟುಬಿದ್ದವಳು ನಾನೇ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ಹೇಳುವ ಚೀಟಿ ಅಂಟಿಸಿದ ಲಕೋಟೆಯೊಳಗಿರುತ್ತದೆ. ಅದನ್ನು ಸರದಿಯಂತೆ, ಒಡೆದು ನೋಡಿ ಮಾತ್ರೆ ಕೊಡುವ ಔಷಧದ ಕಿಟಕಿಗೆ ಕಳಿಸುವುದಷ್ಟೇ ನರ್ಸ್ ಆದ ನನ್ನ ಕೆಲಸ. ಒಳಗೇನಿದೆ ಎಂದು ನಾನೂ ನೋಡಬಾರದು, ಡಾಕ್ಟರೂ ನೋಡಬಾರದು.

ನಿನ್ನ ಲಕೋಟೆಯನ್ನು ಬೆಳಕಿಗೆ ಹಿಡಿದೆ. ಹುಸಿ ಎಂದು ಕಂಡಿತು. ನನ್ನ ಅಕ್ಕ ಸುಮ್ಮನೆ ಸಕ್ಕರೆ ನುಂಗಬೇಕೇ ಎನ್ನಿಸಿತು. ಮುಂದಿನದನ್ನೂ ಹಿಡಿದು ನೋಡಿದೆ, ಅದರಲ್ಲಿ ನಿಜವಾದದ್ದಿತ್ತು. ಅದಲುಬದಲು ಮಾಡಿದೆ. ನಿನ್ನ ಪಾಲಿನದು ನಿನ್ನ ಹಿಂದೆ ಕೂತಿದ್ದ ಟೈಲರಮ್ಮನಿಗೆ ಹೋಯಿತು.

ನಿನ್ನ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರಿಕೊಂಡದ್ದು ಆ ಮಾತ್ರೆಯಿಂದಲೇ ಎಂದು ಡಾಕ್ಟರು ಈಗ ನಿನ್ನ ಚೀಟಿ ತರಿಸಿ ನೋಡಿ ಹೇಳುತ್ತಿದ್ದಾರೆ. ನೀನೋ, ಬಿಡೇ, ಚೀಟೀಲಿ ಬಂದಿದ್ದು ನನ್ನ ಹಣೆಬರಹ, ನೀನೇನ್ ಮಾಡ್ತೀಯ ಅಂತ ನನಗೇ ಸಮಾಧಾನ ಹೇಳುತ್ತೀಯ. ಚೀಟಿಯಲ್ಲಿ ನಿನಗದು ಬಂದಿರಲಿಲ್ಲ ಅಕ್ಕಾ. ನಾನು ತಂದಿಟ್ಟೆ.

ಯಾವುದು ಒಳ್ಳೇದು ಅಂತ ನಮಗೇ ಗೊತ್ತಿಲ್ಲ, ಗೊತ್ತಿದ್ದರೆ ಚೀಟಿ ಯಾಕೆ ಎತ್ತುತ್ತಿದ್ವಿ ಅಂತ ಬಂದವರಿಗೆಲ್ಲ ದಿನವೂ ಬಿಡಿಸಿ ಹೇಳುವವಳು ನಾನು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ಆ ಮಾತನ್ನು ನಂಬದವಳು ನಾನೊಬ್ಬಳೇ. ಹೊಸದೆಂದರೆ ಒಳ್ಳೆಯದೇ ಎಂದುಕೊಂಡಿದ್ದೆ. ನನ್ನಂಥವರ ಅಕ್ಕರೆ ನಡುವೆ ಕೈಹಾಕಬಾರದೆಂದೇ ಆ ಚೀಟಿ ಇರುವುದು.

ಡಾಕ್ಟರಿಗೆ ಈಗಷ್ಟೇ ಹೇಳಿಬಂದೆ. ಬೈಯಲಿಲ್ಲ, ಇನ್ನೆಷ್ಟು ಲಕೋಟೆ ಹೀಗೆ ನೋಡಿದೀರಿ ಅಂತ ಕೇಳಿದರು. ಅಕ್ಕನ ಸಲುವಾಗಿ ಮಾತ್ರ ಎಂದೆ. ನಂಬಿದರೋ ಇಲ್ಲವೋ. ಕೆಲಸ ಹೋದರೆ ಹೋಗಲಿ, ಇನ್ನು ಮುಂದೆ ನನ್ನ ಕೈಯಿಂದ ನೀನು ಒಂದು ಲೋಟ ನೀರಾದರೂ ಇಸಕೊಳ್ಳುತ್ತೀಯೋ ಇಲ್ಲವೋ ಎಂಬುದೇ ಭಯ. ಸಂಜೆ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ಬೇಡವೆನ್ನಿಸಿದರೆ ಗೋಡೆಯ ಕಡೆ ತಿರುಗಿ ಮಲಗು, ಹೊರಟುಹೋಗುತ್ತೇನೆ.

ನೀನು ಹೋದಲ್ಲೆಲ್ಲ ಬರುತ್ತಿದ್ದ
ನಿನ್ನ ಬಾಲ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನ ಪಾಲಿನ ಹುಸಿ ಮಾತ್ರೆ ನುಂಗುತ್ತಿರುವ ಟೈಲರಮ್ಮ ನಿನ್ನೆ ಮೆಟ್ಟಿಲು ಹತ್ತಿಕೊಂಡೇ ಬಂದರು. ನೋವು ಎಷ್ಟೋ ಕಮ್ಮಿ ಆಗಿದೆ ಕಣಮ್ಮ, ನಿನ್ನ ಕೈಗುಣ ಒಳ್ಳೇದು ಅಂತ ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.