ಬುತ್ತಿಗಂಟಿನ ಗುಳಿಗೆ

ಸಿಂದಗಿ
12-2-1999

ಜಯಕ್ಕನಿಗೆ, ನೀನು ಮಾತು ಬಿಟ್ಟರೂ ಮಾತು ಬಿಡದ ತಮ್ಮನ ನಮಸ್ಕಾರ.

ಸೋಮವಾರ ನಾನು ಮುದ್ದೇಬಿಹಾಳದಿಂದ ಹೊರಟಾಗ ನೀನು ಬಾಗಿಲಿಗೂ ಬರಲಿಲ್ಲ. ನಿನ್ನ ಸಿಟ್ಟು ಸರಿ. ನಿನಗೆ ಮೂರ್ಛೆ ಬರುವುದನ್ನು ಗಂಡನ ಮನೆಯಲ್ಲಿ ಹೇಳುವುದಿಲ್ಲ ಎಂದು ಮದುವೆಗೆ ಮುಂಚೆ ನಿನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ. ಮುರಿದವನೂ ನಾನೇ.

ನೀನು ಕೇಳಿದ್ದು ಅತ್ತೆಯ ಬೈಗುಳ ಮಾತ್ರ. ಅದಕ್ಕೆ ಮೊದಲು ಆದದ್ದನ್ನು ಬರೆಯುತ್ತೇನೆ. ನೀನು ನೀರಿಗೆ ಹೋಗಿದ್ದೆ. ನಾನು ತಂದ ತವರಿನ ಬುತ್ತಿಯನ್ನು ಓಣಿಗೆಲ್ಲ ಹಂಚಬೇಕಲ್ಲ, ಬಾಳಮ್ಮತ್ತೆ ಗಂಟು ಬಿಚ್ಚಿದರು. ಅವ್ವ ತಿಂಗಳು ತಿಂಗಳು ಶೇಂಗಾ ಹಿಂಡಿಯ ಡಬ್ಬಿಯಲ್ಲಿ ಹುದುಗಿಸಿ ಕಳಿಸುವ ಗುಳಿಗೆ ಅವರ ಕೈಗೆ ಸಿಕ್ಕಿತು.

"ಇವು ಯಾರವೋ ಸಿದ್ಯಾ?"

'ನನ್ನವು, ಜ್ವರದವು' ಎನ್ನಲು ಅವ್ವ ಮೊದಲೇ ಕಲಿಸಿದ್ದಳು. ಹಾಗೆಂದಿದ್ದರೆ ಆಣೆ ಉಳಿಯುತ್ತಿತ್ತು, ಗುಳಿಗೆ ನನ್ನ ಜೊತೆ ಸಿಂದಗಿಗೆ ವಾಪಸ್ ಬರುತ್ತಿತ್ತು. ನಿಜ ಹೇಳಿದರೆ ನಿನ್ನ ಸಂಸಾರವೇ ಹೋಗಬಹುದು. ಆದರೆ ನೀನು ಸಂಕ್ರಾಂತಿಗೆ ತವರಿಗೆ ಬಂದಾಗ ನಿನ್ನ ಮೊಣಕೈಯ ಸುಟ್ಟ ಗಾಯ ನೋಡಿದ್ದೆನಲ್ಲ. ಅತ್ತೆಯ ಕಣ್ಣು ತಪ್ಪಿಸಲಾಗದೆ ನಾಲ್ಕು ದಿನ ಗುಳಿಗೆ ಬಿಟ್ಟೆ, ಒಲೆಯ ಮುಂದೆ ಬಿದ್ದೆ ಎಂದು ನೀನೇ ಹೇಳಿದ್ದೆ. ಅತ್ತೆಗೆ ಹೇಳಿದ್ದು ಹಂಚು ತಗಲಿತು ಎಂದು.

"ಅಕ್ಕನವ್ರಿ. ಫಿಟ್ಸ್ ಬರ್ತಾವ್ರಿ," ಎಂದೆ.

ಅತ್ತೆ ರೊಟ್ಟಿ ಕೆಳಗಿಟ್ಟರು. "ನಿಮ್ಮವ್ವ ನನಗ ಮೋಸ ಮಾಡ್ಯಾಳ. ಆಕೀನ್ನ ನಾ ಬಿಡೂದಿಲ್ಲ," ಎಂದು ಬೈದರು. ಆಮೇಲೆ ಕೇಳಿದರು: "ದಿನಕ್ಕ ಎಷ್ಟೋ?"

"ಎರಡ್ರಿ."

"ಇಷ್ಟು ದಿನ ಎಲ್ಲಿ ನಿಂತು ನುಂಗತಿದ್ಲು? ಕೊಟ್ಟಿಗ್ಯಾಗೇನು? ಒಂಬತ್ತನೇತ್ತಾಕ್ಕ ಸಾಲಿ ಬಿಟ್ಟ ನಿನಗ ತಿಳಿದದ್ದು ಕಲಿತ ನಿಮ್ಮಕ್ಕಗ ತಿಳೀಲಿಲ್ಲ!"

ಬೈಯುತ್ತಲೇ ಗುಳಿಗೆಯನ್ನು ದೇವರ ಜಗಲಿಯ ಮೇಲಿಟ್ಟರು. ಎಲ್ಲರಿಗೂ ಕಾಣುವ ಹಾಗೆ.

ನಿನ್ನ ಗಂಡ ಶ್ರೀಶೈಲ ಮಾಮಾ ಏನನ್ನುತ್ತಾರೋ ನನಗೆ ತಿಳಿಯದು. ಕಳಿಸಿಬಿಡುತ್ತೇನೆ ಎಂದರೆ ಮೊದಲ ಬಸ್ಸಿಗೆ ಬಂದು ತಲೆಯೆತ್ತಿ ಕರೆತರುತ್ತೇನೆ. ಮತ್ತೆ ಅದೇ ಪ್ರಸಂಗ ಬಂದರೂ ನಾನು ಅದನ್ನೇ ಹೇಳುತ್ತೇನೆ. ನೀನು ಬೇಕಾದಷ್ಟು ಕೂಗಾಡು. ಗುಳಿಗೆ ನುಂಗಿ ಕೂಗಾಡು.

ನಿನ್ನ ತಮ್ಮ,
ಸಿದ್ದಲಿಂಗ

ತಾ.ಕ.: ಅರ್ಧ ಬರೆದು ಮುಚ್ಚಿಟ್ಟರೆ ಅದೂ ಸುಳ್ಳೇ. ಗುಳಿಗೆ ಅತ್ತೆಗೆ ಅಕಸ್ಮಾತ್ತಾಗಿ ಸಿಗಲಿಲ್ಲ. ದೇವರಹಿಪ್ಪರಗಿ ದಾಟಿದ ಮೇಲೆ ಬಸ್ಸಿನಲ್ಲಿ ಅವನ್ನು ಡಬ್ಬಿಯಿಂದ ತೆಗೆದು ರೊಟ್ಟಿಯ ಮೇಲಿಟ್ಟವನು ನಾನು. ನೀನು ಕೊಡ ಹೊತ್ತು ಹೊರಡುವವರೆಗೂ ನಿಮ್ಮ ಓಣಿಯ ಬೇವಿನ ಗಿಡದ ಹಿಂದೆ ಗಂಟು ಹಿಡಿದು ನಿಂತಿದ್ದೆ.