ನಿನ್ನ ಚೆಂಡಿನ ಮೇಲೆ ನಾನೂ ಕೂತಿದ್ದೆ

ಭಾನುವಾರ, ಮಾರ್ಚ್ ೯

ಮುದ್ದಿನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ನಿಮ್ಮನ್ನು ಬಿಟ್ಟು ಬಂದು ಎಂಟು ದಿನವಾಯಿತು. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎಂದು ನೀನು ಹುಬ್ಬೇರಿಸಬಹುದು. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಮಗುವಿನ ಶೀತ ಹೇಗಿದೆ ಎಂದು ಕೇಳಿ ಫೋನ್ ಇಟ್ಟೆ.

ನಿನ್ನ ಬಸುರಿನ ಎಂಟನೇ ತಿಂಗಳಲ್ಲಿ ನಾನು ಬಂದಾಗ ನಿಮ್ಮ ನಡುಮನೆಯಲ್ಲಿ ಆ ಬೂದು ಬಣ್ಣದ ದೊಡ್ಡ ರಬ್ಬರ್ ಚೆಂಡು ಕಂಡು, ಹುಟ್ಟದ ಮಗುವಿಗೆ ಈಗಲೇ ಆಟದ ಸಾಮಾನೇ ಎಂದು ಕೇಳಿದ್ದೆ. ನೀನು ಅದರ ಮೇಲೆಯೇ ಕುಳಿತು ಸೊಂಟ ತಿರುಗಿಸಿದಾಗ ನನ್ನ ಜೀವ ಬಾಯಿಗೆ ಬಂತು. ಇಳಿ, ಬೀಳುತ್ತೀಯ ಎಂದು ಗದರಿದೆ. ಕೆಳಗೆ ಜಾರದ ಚಾಪೆಯಿದೆ, ಪಾದ ಅಗಲವಾಗಿ ಊರಿದ್ದೇನೆ, ಮಂಡಿಗಿಂತ ಸೊಂಟ ಮೇಲಿದೆ, ಕೈಗೆಟುಕುವಂತೆ ಗೋಡೆಯಿದೆ ಎಂದು ನೀನು ಪಾಠ ಒಪ್ಪಿಸಿದೆ. ನಾನು ಪಟ್ಟು ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕಡೆಗೆ ನೀನು ಹೇಳಿದೆ:

"ನಾನು ಡಿಗ್ರಿ ತಗೊಂಡ ದಿನ ಬರೋಕಾಗದೇ ಇದ್ದವಳು, ಈಗ ಬಂದು ಯಾಕಮ್ಮ ಅಧಿಕಾರ ಮಾಡ್ತೀಯ?"

ನಾನು ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಹೆರಿಗೆಯ ದಿನ ನಮ್ಮ ಅಳಿಯಂದಿರು ಆ ಚೆಂಡನ್ನು ತಬ್ಬಿಕೊಂಡು ಆಸ್ಪತ್ರೆಯ ಲಿಫ್ಟಿನಲ್ಲಿ ಬಂದದ್ದು ನೆನಪಿದೆಯಾ? ಅವರ ಮುಖವೇ ಕಾಣುತ್ತಿರಲಿಲ್ಲ. ಬೆಳಗಿನಿಂದ ನೀನು ಅದರ ಮೇಲೆ ಕುಳಿತು, ಮಂಚದ ಮೇಲೆ ತೋಳು ಚಾಚಿ ತಲೆಯಿಟ್ಟು, ನೋವು ಬಂದಾಗಲೆಲ್ಲ ಅತ್ತಿತ್ತ ತೂಗುತ್ತಿದ್ದೆ. ನಾನು ಹಿಂದೆ ನಿಂತು ಸೊಂಟದ ಕೆಳಗೆ ಅಂಗೈ ಒತ್ತುತ್ತಿದ್ದೆ. ಇನ್ನೂ ಜೋರಾಗಿ ಒತ್ತು ಎನ್ನುತ್ತಿದ್ದೆ ನೀನು. ನೋವು ಏರಿದ ಮೇಲೆ ಮಂಡಿಯೂರಿ ಚೆಂಡನ್ನೇ ಅಪ್ಪಿಕೊಂಡೆ. ನಾನೂ ಪಕ್ಕದಲ್ಲಿ ಮಂಡಿಯೂರಿದೆ. ನಿನ್ನನ್ನು ಹೆರುವಾಗ ನಾನು ಹತ್ತೊಂಬತ್ತು ಗಂಟೆ ಕಿರಿದಾದ ಮಂಚದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದೆ. ಮಗ್ಗುಲಾದರೂ ಬೈಗುಳ. ಅಂದು ಸಂಜೆ ನಾಲ್ಕು ಗಂಟೆಗೆ ಮೊಮ್ಮಗಳು ಹುಟ್ಟಿ ಅತ್ತಾಗ, ನಿನ್ನ ಚೆಂಡಿನ ಬಗ್ಗೆ ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ. ನಿನಗೆ ಮಾತ್ರ ಹೇಳಲಿಲ್ಲ.

ಆರು ವಾರದ ನಂತರ ಫಿಸಿಯೋ ಮೇಡಂ ಹತ್ತಿರ ಹೋದಾಗ ನಾನು ಮಗುವನ್ನೆತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದೆ. ಹೊಲಿಗೆ ಮಾಗಿದೆ, ಇನ್ನು ಚೆಂಡಿನ ಮೇಲೆ ಕೂರಬಹುದು ಎಂದರು. ಮೂತ್ರ ತಡೆದ ಹಾಗೆ ಒಳಗೆಳೆದು, ಮೇಲೆತ್ತಿ, ನಿಧಾನವಾಗಿ ಸಡಿಲ ಬಿಡುವುದನ್ನು ಹೇಳಿಕೊಟ್ಟರು. ಆಮೇಲೆ ಕೇಳಿದರು:

"ಕೆಮ್ಮಿದಾಗ, ನಕ್ಕಾಗ ಹನಿ ಹೋಗುತ್ತಾ? ತುಂಬಾ ಜನಕ್ಕೆ ಇರುತ್ತೆ. ಎಷ್ಟು ವರ್ಷ ಆಗಿದ್ರೂ ನೋಡಬಹುದು."

ನೀನು ಇಲ್ಲ ಎಂದೆ. ನಾನು ಮಗುವಿನ ಟೋಪಿಯ ದಾರ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

ಗುಬ್ಬಿ, ನನಗೆ ಇರುತ್ತೆ. ನೀನು ಹುಟ್ಟಿದಾಗಿನಿಂದ, ಇಪ್ಪತ್ತೊಂಬತ್ತು ವರ್ಷ. ಗ್ರಂಥಾಲಯದ ಕೆಲಸದಲ್ಲಿ ಶೌಚಾಲಯದ ಪಕ್ಕದ ಮೇಜನ್ನು ಬೇಡಿ ಪಡೆದವಳು ನಾನು. ಶಾಖೆಯಿಂದ ಶಾಖೆಗೆ ಓಡಾಡುವ ಬಡ್ತಿ ಬಂದಾಗ ಬೇಡವೆಂದೆ. ಆಸೆಯೇ ಇಲ್ಲದ ಹೆಂಗಸು ಎಂದು ಎಲ್ಲರೂ ಹೊಗಳಿದರು. ಆಸೆ ಇತ್ತು.

ನೀನು ಡಿಗ್ರಿ ಪಡೆದ ದಿನ ಮಂಡಿನೋವು, ಬರಲಾಗದು ಎಂದಿದ್ದೆನಲ್ಲ, ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಹೊಸ ಬಟ್ಟೆ ಉಟ್ಟು ಬಸ್ ನಿಲ್ದಾಣದವರೆಗೆ ಬಂದಿದ್ದೆ. ಸಾಲಿನಲ್ಲಿ ನಿಂತಾಗ ಕೆಮ್ಮು ಹತ್ತಿಕೊಂಡಿತು. ಬಟ್ಟೆ ನೆನೆಯಿತು. ಆರು ಗಂಟೆಯ ಪ್ರಯಾಣ, ನಡುವೆ ಒಂದೇ ನಿಲುಗಡೆ. ಚೀಲವನ್ನು ಹಿಂದೆ ಅಡ್ಡ ಹಿಡಿದುಕೊಂಡು ಮನೆಗೆ ನಡೆದೆ. ಅಪ್ಪ ಕೆಲಸದಿಂದ ಬಂದಾಗಲೂ ಮಂಡಿ ಎಂದೇ ಹೇಳಿದೆ. ನೀನು ಕಳಿಸಿದ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನೀನೊಬ್ಬಳೇ ಬಾಗಿಲ ಕಡೆ ನೋಡುತ್ತಿದ್ದೀಯ. ನನ್ನನ್ನು ಕ್ಷಮಿಸು.

ಇನ್ನೊಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ನೀನು ಸ್ನಾನಕ್ಕೆ ಹೋದಾಗ ಕೋಣೆಯ ಬಾಗಿಲು ಹಾಕಿಕೊಂಡು ನಾನೂ ಆ ಚೆಂಡಿನ ಮೇಲೆ ಕೂರುತ್ತಿದ್ದೆ. ಮೊದಲ ದಿನ ಅದು ಸರ್ರನೆ ಜಾರಿ ನಾನು ನೆಲ ಸೇರಿದೆ. ಏನಮ್ಮ ಸದ್ದು ಎಂದು ನೀನು ಕೂಗಿದ್ದಕ್ಕೆ ಡಬ್ಬಿ ಬಿತ್ತು ಎಂದೆನಲ್ಲ, ಆ ಡಬ್ಬಿ ನಾನೇ. ಆಮೇಲೆ ಗೋಡೆ ಹಿಡಿದುಕೊಂಡು ಕೂರಲು ಕಲಿತೆ. ದಿನಕ್ಕೆ ಹತ್ತು ಸಲ ಎಳೆದು ಬಿಡುತ್ತಿದ್ದೆ.

ಸೋಮವಾರ ಸಂಜೆ ಅಪ್ಪನಿಗೆ ಹೇಳಿಬಿಟ್ಟೆ. ಅವರು ಪೇಪರ್ ಮಡಿಸಿಟ್ಟರು. "ಇಷ್ಟು ವರ್ಷ ಒಬ್ಬಳೇ ಹೊತ್ಕೊಂಡಿದ್ಯಲ್ಲೇ" ಎಂದರು. ಮಂಗಳವಾರ ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನಲ್ಲಿ ನನ್ನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿ, ಆಮೇಲೆ ನೋಡೋಣ ಎಂದಿದ್ದಾರೆ ಡಾಕ್ಟರ್. ಪೂರ್ತಿ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಹೇಳಿಕೊಂಡದ್ದಕ್ಕೇ ಮೈ ಹಗುರವಾಗಿದೆ.

ಮಗುವಿನ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರನ್ನು ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ಅಮ್ಮ

ತಾಜಾ ಕಲಂ: ಇಷ್ಟೆಲ್ಲ ಬರೆದದ್ದು ನಿಜವಾಗಿ ಈ ಒಂದು ಮಾತಿಗೆ. ನಾನು ಹೊರಟ ದಿನ ಮಗು ಸೀನಿದ್ದು ನೋಡಿ ನೀನು ಜೋರಾಗಿ ನಕ್ಕೆ. ನಗುತ್ತಲೇ ತಟ್ಟನೆ ಕಾಲಿಗೆ ಕಾಲು ಹೆಣೆದು ಮೇಜಿನ ಅಂಚು ಹಿಡಿದು ನಿಂತೆ. ತಲೆ ಸುತ್ತಿತೇನೋ ಎಂದು ಅಳಿಯಂದಿರು ನೀರು ತಂದರು. ಆ ನಿಲುವು ನನಗೆ ಗೊತ್ತು, ಕಂದ. ಈ ಕಾಗದ ಕೈಸೇರಿದ ದಿನವೇ ಫಿಸಿಯೋ ಮೇಡಂಗೆ ಫೋನ್ ಮಾಡು. ಮೊದಲ ಮಾತು ಹೊರಡುವುದೊಂದೇ ಕಷ್ಟ.